ಮದ್ದಿನ ಮಾತಿಗೂ ಸನದ್ ಬೇಕು: ವೈದ್ಯಕೀಯ ಗ್ರಂಥಪಾಲಕರ ಚರಿತ್ರೆ

ಜಾಬಿರ್(ರ) ವರದಿ ಮಾಡಿರುವ ಒಂದು ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಸಹಾಬಿಗಳ ಒಂದು ತಂಡ ಪ್ರಯಾಣದಲ್ಲಿತ್ತು. ಅವರಲ್ಲೊಬ್ಬರ ತಲೆಗೆ ಕಲ್ಲು ತಗಲಿ ಗಾಯವಾಯಿತು. ಅದೇ ಸ್ಥಿತಿಯಲ್ಲಿ ಅವರಿಗೆ ಸ್ನಾನ ಕಡ್ಡಾಯವಾಯಿತು. ನೀರಿನ ಬದಲು ತಯಮ್ಮುಮ್ ಮಾಡಿದರೆ ಸಾಕೇ ಎಂದು ಅವರು ಜೊತೆಗಿದ್ದವರನ್ನು ಕೇಳಿದರು. ನೀರು ಬಳಸಲು ಸಾಧ್ಯವಿರುವಾಗ ಆ ರಿಯಾಯಿತಿ ಇಲ್ಲ ಎಂದು ಅವರು ಹೇಳಿಬಿಟ್ಟರು. ಗಾಯಾಳು ಸ್ನಾನ ಮಾಡಿದರು, ಮರಣ ಹೊಂದಿದರು. ವಿಷಯ ತಿಳಿದಾಗ ಪ್ರವಾದಿಯವರು(ಸ) ತೀವ್ರವಾಗಿ ನೊಂದರು. ಆ ಸಾವಿಗೆ ಹಾಗೆ ಹೇಳಿದವರನ್ನೇ ಹೊಣೆ ಮಾಡಿದರು. ಗೊತ್ತಿಲ್ಲದ ಮೇಲೆ ಗೊತ್ತಿದ್ದವರನ್ನು ಕೇಳಬಾರದಿತ್ತೇ ಎಂದು ಪ್ರಶ್ನಿಸಿದರು.

ಹಾಗೆ ಹೇಳಿದವರು ಕೆಟ್ಟವರಾಗಿರಲಿಲ್ಲ. ಅವರ ಉದ್ದೇಶವೂ ಕೆಟ್ಟದ್ದಾಗಿರಲಿಲ್ಲ. ಅವರಿಗೆ ಧರ್ಮದ ಒಂದು ನಿಯಮ ಗೊತ್ತಿತ್ತು, ಆ ನಿಯಮಕ್ಕಿರುವ ವಿನಾಯಿತಿ ಗೊತ್ತಿರಲಿಲ್ಲ. ಅರ್ಧ ತಿಳಿವಳಿಕೆ ಒಂದು ಜೀವವನ್ನು ತೆಗೆದುಕೊಂಡಿತು. ಸರಿಯಾದ ತಿಳಿವಳಿಕೆ ಆಗ ಲೋಕದಲ್ಲಿ ಇರಲಿಲ್ಲವೆಂದಲ್ಲ. ಅದು ಮದೀನಾದಲ್ಲಿತ್ತು. ಆದರೆ ಬೇಕಾದ ಹೊತ್ತಿಗೆ ಗಾಯಾಳುವಿನ ಬಳಿಗೆ ಅದು ತಲುಪಲಿಲ್ಲ.

ಜ್ಞಾನ ಒಂದು ಕಡೆ, ರೋಗಿ ಇನ್ನೊಂದು ಕಡೆ. ಇವೆರಡರ ನಡುವಿನ ದಾರಿಯನ್ನು ಕಾಯುವವರು ಯಾರು? ವೈದ್ಯರು ಎಂದು ನಾವು ಥಟ್ಟನೆ ಉತ್ತರಿಸುತ್ತೇವೆ. ಆ ವೈದ್ಯರ ಹಿಂದೆ ಇನ್ನೊಬ್ಬರಿದ್ದಾರೆ. ಪುಸ್ತಕವನ್ನು ಹುಡುಕಿ ತಂದವರು, ಅದರ ಪಟ್ಟಿ ಮಾಡಿದವರು, ಯಾವುದು ನಂಬಲರ್ಹ ಯಾವುದು ಅಲ್ಲ ಎಂದು ಗುರುತು ಹಾಕಿದವರು. ಅವರನ್ನು ವೈದ್ಯಕೀಯ ಗ್ರಂಥಪಾಲಕರು ಎನ್ನುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಅವರ ಕೆಲಸ ಮುಗಿಯಿತು ಎಂದು ಹಲವರು ಭಾವಿಸಿದರು. ಆದರೆ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಆ ಕಥೆಯಲ್ಲಿ ಇಂದಿನ ಪ್ರತಿ ಮನೆಗೂ ಒಂದು ಪಾಠವಿದೆ.

ಬಗ್ದಾದಿನಿಂದ ಕೈರೋವರೆಗೆ

ಅಬ್ಬಾಸಿಯರ ಕಾಲದ ಬಗ್ದಾದಿನಲ್ಲಿ ಹುನೈನ್ ಬಿನ್ ಇಸ್ಹಾಕ್ ಎಂಬ ವಿದ್ವಾಂಸರಿದ್ದರು. ಅವರು ಕ್ರೈಸ್ತರು. ಖಲೀಫರ ಆಸ್ಥಾನದಲ್ಲಿ ವೈದ್ಯರೂ ಆಗಿದ್ದರು. ಕ್ರಿ.ಶ. 873ರಲ್ಲಿ ನಿಧನರಾದರು. ಗ್ರೀಕ್ ವೈದ್ಯ ಗ್ಯಾಲೆನ್‌ನ ಕೃತಿಗಳನ್ನು ಸಿರಿಯಾಕ್ ಮತ್ತು ಅರಬಿ ಭಾಷೆಗಳಿಗೆ ತಂದವರಲ್ಲಿ ಅವರೇ ಮುಂಚೂಣಿಯವರು. ಗ್ಯಾಲೆನ್‌ನ 129 ಕೃತಿಗಳ ಒಂದು ಪಟ್ಟಿಯನ್ನು ಅವರು ಬರೆದಿಟ್ಟರು. ಪ್ರತಿ ಕೃತಿಯನ್ನು ಯಾರು ಅನುವಾದಿಸಿದರು, ಯಾರಿಗಾಗಿ ಅನುವಾದಿಸಿದರು, ಅನುವಾದ ಚೆನ್ನಾಗಿದೆಯೇ, ಮೂಲ ಪ್ರತಿ ಎಲ್ಲಿ ಸಿಕ್ಕಿತು ಎಂಬುದನ್ನೆಲ್ಲ ಅದರಲ್ಲಿ ನಮೂದಿಸಿದರು.

ಗ್ಯಾಲೆನ್‌ನ ಒಂದು ಗ್ರಂಥಕ್ಕಾಗಿ ಅವರು ಮೆಸೊಪೊಟೇಮಿಯಾ, ಶಾಮ್, ಫೆಲೆಸ್ತೀನ್ ಸುತ್ತಿ ಈಜಿಪ್ಟಿನ ಅಲೆಕ್ಸಾಂಡ್ರಿಯಾವರೆಗೆ ಹೋದರು. ಕೊನೆಗೆ ಸಿಕ್ಕಿದ್ದು ಅದರ ಅರ್ಧ ಭಾಗ ಮಾತ್ರ, ಅದೂ ಡಮಾಸ್ಕಸಿನಲ್ಲಿ. ಅರ್ಧವಷ್ಟೇ ಸಿಕ್ಕಿತು ಎಂಬುದನ್ನೂ ಅವರು ಬರೆದಿಟ್ಟರು. ಚಿಕ್ಕ ವಯಸ್ಸಿನಲ್ಲಿ ದೋಷಪೂರ್ಣ ಪ್ರತಿಯಿಂದ ಮಾಡಿದ್ದ ಒಂದು ಅನುವಾದವನ್ನು, ನಲವತ್ತರ ಹೊತ್ತಿಗೆ ಹಲವು ಗ್ರೀಕ್ ಪ್ರತಿಗಳು ಕೈಸೇರಿದಾಗ ಪರಸ್ಪರ ಹೋಲಿಸಿ ತಿದ್ದಿದರು. ಸಿಕ್ಕಿದ್ದರ ಲೆಕ್ಕದ ಜೊತೆಗೆ ಸಿಗದಿದ್ದರ ಲೆಕ್ಕವನ್ನೂ ಇಡುವ ಈ ಪ್ರಾಮಾಣಿಕತೆ ಮುಂದೆ ಬಹಳ ಮುಖ್ಯವಾಗುತ್ತದೆ. ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅವರ ನಂತರದ ತಲೆಮಾರಿನಲ್ಲಿ ಬಂದವರು ರೈ ನಗರದ ಅಬೂಬಕ್ರ್ ಅರ್‍ರಾಝಿ. ಕ್ರಿ.ಶ. 925ರಲ್ಲಿ ನಿಧನರಾದ ಈ ಮಹಾವೈದ್ಯರು ಜೀವನವಿಡೀ ಓದಿದ್ದನ್ನೂ ಕಂಡದ್ದನ್ನೂ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಅವರ ಮರಣಾನಂತರ ಆ ಟಿಪ್ಪಣಿಗಳು 'ಅಲ್ ಹಾವೀ' ಎಂಬ ಬೃಹತ್ ಗ್ರಂಥವಾದವು. ಅದರಲ್ಲಿ ಒಂದೊಂದು ಮಾತಿಗೂ ಮೂಲ ವೈದ್ಯನ ಹೆಸರು ಮುಂದಿರುತ್ತದೆ. ತಮ್ಮ ಸ್ವಂತ ಅಭಿಪ್ರಾಯ ಬಂದಾಗ ಇದು ನನ್ನದು ಎಂಬ ಅರ್ಥದ ಚಿಕ್ಕ ಪದ ಸೇರಿಸಿ ಅದನ್ನು ಬೇರ್ಪಡಿಸುತ್ತಾರೆ. ಮದರಸದಲ್ಲಿ ಹದೀಸ್ ಕಲಿತವರಿಗೆ ಈ ಕ್ರಮ ಪರಿಚಿತ. ಮಾತಿಗೆ ಮುಂಚೆ ಸನದ್, ಅಂದರೆ ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿ.

ಪುಸ್ತಕಗಳು ಕೇವಲ ವಿದ್ವಾಂಸರ ಮನೆಯಲ್ಲಿ ಉಳಿಯಲಿಲ್ಲ, ಆಸ್ಪತ್ರೆಗೆ ಬಂದವು. ಸುಲ್ತಾನ್ ನೂರುದ್ದೀನ್ ಝಂಗಿ ಕ್ರಿ.ಶ. 1154ರಲ್ಲಿ ಡಮಾಸ್ಕಸಿನಲ್ಲಿ ದೊಡ್ಡ ಬೀಮಾರಿಸ್ತಾನ್ ಕಟ್ಟಿಸಿದರು. ಅದಕ್ಕೆ ವೈದ್ಯಗ್ರಂಥಗಳ ದೊಡ್ಡ ಸಂಗ್ರಹವನ್ನೂ ವಕ್ಫ್ ಮಾಡಿದರು. ಅವನ್ನು ಆಸ್ಪತ್ರೆಯ ಹಜಾರದ ಕಪಾಟುಗಳಲ್ಲಿ ಇರಿಸಲಾಗಿತ್ತು. ಮುಖ್ಯ ವೈದ್ಯರು ರೋಗಿಗಳನ್ನು ನೋಡಿ ಮುಗಿಸಿ ಅದೇ ಹಜಾರದಲ್ಲಿ ಕುಳಿತುಕೊಳ್ಳುತ್ತಿದ್ದರು. ಇತರ ವೈದ್ಯರೂ ವಿದ್ಯಾರ್ಥಿಗಳೂ ಸುತ್ತ ನೆರೆಯುತ್ತಿದ್ದರು. ಗಂಟೆಗಟ್ಟಲೆ ಗ್ರಂಥಗಳ ಓದು, ಚರ್ಚೆ ನಡೆಯುತ್ತಿತ್ತು. ವೈದ್ಯ ಚರಿತ್ರಕಾರ ಇಬ್ನ್ ಅಬೀ ಉಸೈಬಿಅ ಇದನ್ನು ದಾಖಲಿಸಿದ್ದಾರೆ. ಹಾಸಿಗೆಯ ಮೇಲಿನ ರೋಗಿಗೂ ಕಪಾಟಿನ ಪುಸ್ತಕಕ್ಕೂ ನಡುವೆ ಒಂದು ಗೋಡೆಯೂ ಇರಲಿಲ್ಲ.

ಕ್ರಿ.ಶ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಮನ್ಸೂರೀ ಆಸ್ಪತ್ರೆಯನ್ನು ಸ್ಥಾಪಿಸಿದರು. 1288ರಲ್ಲಿ ತೀರಿಕೊಂಡ ವೈದ್ಯ ಇಬ್ನುನ್ನಫೀಸ್ ತಮ್ಮ ಮನೆಯನ್ನೂ ಇಡೀ ಗ್ರಂಥಸಂಗ್ರಹವನ್ನೂ ಆ ಆಸ್ಪತ್ರೆಗೆ ಬಿಟ್ಟುಹೋದರು. ಮರಣದ ಬಳಿಕವೂ ನಿಲ್ಲದ ದಾನವನ್ನು ನಾವು ಸದಕತುಲ್ ಜಾರಿಯ ಎನ್ನುತ್ತೇವೆ. ಮಸೀದಿ, ಬಾವಿಗಳ ಜೊತೆಗೆ ವೈದ್ಯಗ್ರಂಥಗಳನ್ನೂ ನಮ್ಮ ಪೂರ್ವಜರು ಆ ಸಾಲಿನಲ್ಲಿ ಸೇರಿಸಿದ್ದರು.

ಇದೇ ಇಬ್ನುನ್ನಫೀಸರ ಹೆಸರಿನೊಂದಿಗೆ ಇನ್ನೊಂದು ಕಹಿ ಪಾಠವೂ ಇದೆ. ಹೃದಯದ ಬಲಭಾಗದ ರಕ್ತ ನಡುಗೋಡೆಯ ಮೂಲಕ ಎಡಭಾಗಕ್ಕೆ ನುಸುಳುತ್ತದೆ ಎಂದು ಗ್ಯಾಲೆನ್ ಹೇಳಿದ್ದನು. ಆ ಗೋಡೆಯಲ್ಲಿ ಅಂಥ ರಂಧ್ರಗಳೇ ಇಲ್ಲ, ರಕ್ತ ಶ್ವಾಸಕೋಶಗಳ ಮೂಲಕವೇ ಹಾದು ಬರಬೇಕು ಎಂದು ಇಬ್ನುನ್ನಫೀಸ್ 13ನೇ ಶತಮಾನದಲ್ಲೇ ಬರೆದರು. ಆದರೆ ಆ ಮಾತು ಶತಮಾನಗಳ ಕಾಲ ವೈದ್ಯಲೋಕದ ಗಮನಕ್ಕೆ ಬಾರದೆ ಹಸ್ತಪ್ರತಿಗಳಲ್ಲೇ ಉಳಿಯಿತು. 1924ರಲ್ಲಿ, ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹ್ಯುದ್ದೀನ್ ಅತ್ತತಾವಿ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಒಂದು ಪ್ರತಿಯನ್ನು ಓದಿ ಅದನ್ನು ಬೆಳಕಿಗೆ ತಂದರು. ಪುಸ್ತಕ ಕಪಾಟಿನಲ್ಲಿತ್ತು. ಅದರೊಳಗೆ ಏನಿದೆ ಎಂದು ಹೇಳುವವರು ಇರಲಿಲ್ಲ. ಜ್ಞಾನವನ್ನು ಕೂಡಿಡುವುದು ಒಂದು ಕೆಲಸ, ಅದು ಹುಡುಕಿದವನ ಕೈಗೆ ಸಿಗುವಂತೆ ಮಾಡುವುದು ಇನ್ನೊಂದು ಕೆಲಸ. ಎರಡನೆಯದು ನಿಂತರೆ ಮೊದಲನೆಯದು ವ್ಯರ್ಥ.

ಪಟ್ಟಿ ಮಾಡಿದ ಸೈನಿಕ ವೈದ್ಯ

ಅರ್‍ರಾಝಿಯವರ ಅಲ್ ಹಾವೀ ಗ್ರಂಥದ ಒಂದು ಭಾಗವನ್ನು ಕ್ರಿ.ಶ. 1094ರಲ್ಲಿ, ಅಂದರೆ ಹಿಜರಿ 487ರಲ್ಲಿ ಒಬ್ಬ ಲಿಪಿಕಾರರು ನಕಲು ಮಾಡಿದ್ದರು. ಆ ಹಸ್ತಪ್ರತಿ ಈಗ ಅಮೆರಿಕದ ಬೆಥೆಸ್ಡಾ ಎಂಬಲ್ಲಿರುವ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನಲ್ಲಿದೆ. ಜಗತ್ತಿನ ಅತಿದೊಡ್ಡ ವೈದ್ಯಕೀಯ ಗ್ರಂಥಾಲಯವದು. ಅದರ ಸಂಗ್ರಹದಲ್ಲಿ ಎಲ್ಲಕ್ಕಿಂತ ಹಳೆಯದು ಈ ಅರಬಿ ಹಸ್ತಪ್ರತಿಯೇ. ನಮ್ಮ ಕಥೆಯೂ ಅದರ ಬೆನ್ನು ಹಿಡಿದು ಅಲ್ಲಿಗೇ ಹೋಗುತ್ತದೆ.

ಆ ಗ್ರಂಥಾಲಯ 1836ರಲ್ಲಿ ಅಮೆರಿಕದ ಸೇನೆಯ ಸರ್ಜನ್ ಜನರಲ್ ಕಚೇರಿಯ ಒಂದು ಸಣ್ಣ ಪುಸ್ತಕ ಸಂಗ್ರಹವಾಗಿ ಶುರುವಾಯಿತು. 1865ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದಾಗ ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೈನಿಕ ವೈದ್ಯ ಅದರ ಹೊಣೆ ಹೊತ್ತರು. ಅವರು ವೈದ್ಯ ವಿದ್ಯಾರ್ಥಿಯಾಗಿದ್ದಾಗ ಮೂರ್ಛೆರೋಗದ ಶಸ್ತ್ರಚಿಕಿತ್ಸೆಯ ಬಗ್ಗೆ ಪ್ರಬಂಧ ಬರೆಯಬೇಕಾಗಿ ಬಂದಿತ್ತು. ಒಂದೇ ವಿಷಯದ ಮಾಹಿತಿಗಾಗಿ ಊರೂರಿನ ಗ್ರಂಥಾಲಯಗಳಲ್ಲಿ ಹುಡುಕಾಡಿ ದಣಿದಿದ್ದರು. ಹುನೈನ್ ಸಾವಿರ ವರ್ಷಗಳ ಹಿಂದೆ ಪಟ್ಟ ಪಾಡೇ ಅದು. ಆ ದಣಿವನ್ನು ಬಿಲ್ಲಿಂಗ್ಸ್ ಮರೆಯಲಿಲ್ಲ.

ಜಗತ್ತಿನ ಮೂಲೆಮೂಲೆಯಿಂದ ವೈದ್ಯಕೀಯ ಪತ್ರಿಕೆಗಳನ್ನು ತರಿಸಿದರು. ರಾತ್ರಿ ಮನೆಗೆ ಅವುಗಳ ಕಟ್ಟು ಒಯ್ದು, ಪಟ್ಟಿಗೆ ಸೇರಿಸಬೇಕಾದ ಲೇಖನಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಗುಮಾಸ್ತರು ಅವನ್ನು ಕಾರ್ಡುಗಳಿಗೆ ಇಳಿಸುತ್ತಿದ್ದರು. ಡಾ. ರಾಬರ್ಟ್ ಫ್ಲೆಚರ್ ಅವರ ನೆರವಿನಿಂದ 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿ ಆರಂಭವಾಯಿತು. ಯಾವ ರೋಗದ ಬಗ್ಗೆ ಯಾವ ಪತ್ರಿಕೆಯಲ್ಲಿ ಏನು ಬಂದಿದೆ ಎಂದು ಅದರಿಂದ ವೈದ್ಯನಿಗೆ ತಿಳಿಯುವಂತಾಯಿತು. 1880ರಿಂದ 1895ರವರೆಗೆ ಗ್ರಂಥಾಲಯದ ಮಹಾಸೂಚಿ 16 ಸಂಪುಟಗಳಲ್ಲಿ ಹೊರಬಂತು. 1898ರಲ್ಲಿ ಫಿಲಡೆಲ್ಫಿಯಾದಲ್ಲಿ ನಾಲ್ವರು ಗ್ರಂಥಪಾಲಕರೂ ನಾಲ್ವರು ವೈದ್ಯರೂ ಒಟ್ಟು ಸೇರಿ ವೈದ್ಯಕೀಯ ಗ್ರಂಥಪಾಲಕರ ಸಂಘವನ್ನು ಕಟ್ಟಿದರು. ಹೀಗೆ ಈ ಕೆಲಸ ಒಂದು ವೃತ್ತಿಯಾಗಿ ನಿಂತಿತು.

ಬಿಲ್ಲಿಂಗ್ಸ್ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. 1880ರ ಜನಗಣತಿಯಲ್ಲಿ ಜನನ ಮರಣಗಳ ಅಂಕಿಅಂಶದ ಹೊಣೆ ಅವರದಾಗಿತ್ತು. ರಾಶಿ ರಾಶಿ ಕಾಗದಗಳನ್ನು ಕೈಯಿಂದ ಎಣಿಸುವುದನ್ನು ಕಂಡು, ಇದಕ್ಕೊಂದು ಯಂತ್ರವಿರಬೇಕು ಎಂದು ಅವರು ಹರ್ಮನ್ ಹಾಲರಿತ್ ಎಂಬ ಯುವ ಎಂಜಿನಿಯರಿಗೆ ಹೇಳಿದರು. ಹಾಲರಿತ್ ರಂಧ್ರ ಕೊರೆದ ಕಾರ್ಡುಗಳನ್ನು ಎಣಿಸುವ ಯಂತ್ರ ತಯಾರಿಸಿದರು. 1890ರ ಜನಗಣತಿಯಲ್ಲಿ ಅದು ಬಳಕೆಯಾಯಿತು. ಅವರ ಕಂಪೆನಿ ಮುಂದೆ ಇತರ ಕಂಪೆನಿಗಳ ಜೊತೆ ಸೇರಿ ಐಬಿಎಂ ಆಯಿತು. ಗ್ರಂಥಪಾಲಕರೂ ಕಂಪ್ಯೂಟರೂ ಪರಸ್ಪರ ವೈರಿಗಳು ಎನ್ನುವವರು ಇದನ್ನು ತಿಳಿದಿರಬೇಕು. ಕಂಪ್ಯೂಟರಿನ ಪೂರ್ವಜ ಯಂತ್ರದ ಕಲ್ಪನೆ ಕೊಟ್ಟದ್ದೇ ಒಬ್ಬ ಗ್ರಂಥಪಾಲಕ ವೈದ್ಯ.

ಕಂಪ್ಯೂಟರ್ ಬಂತು, ಕೆಲಸ ಬದಲಾಯಿತು

ಎರಡನೇ ಮಹಾಯುದ್ಧದ ನಂತರ ವೈದ್ಯಕೀಯ ಲೇಖನಗಳು ಪ್ರವಾಹದಂತೆ ಬರತೊಡಗಿದವು. ಕಾರ್ಡುಗಳಿಂದ ನಿಭಾಯಿಸಲಾಗಲಿಲ್ಲ. 1956ರಲ್ಲಿ ಸೇನೆಯ ಆ ಗ್ರಂಥಾಲಯ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಆಯಿತು. 1964ರಲ್ಲಿ ಅಲ್ಲಿ ಮೆಡ್ಲಾರ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕೆಲಸ ಶುರು ಮಾಡಿತು. ಆದರೆ ವೈದ್ಯನು ನೇರವಾಗಿ ಅದನ್ನು ಬಳಸುವಂತಿರಲಿಲ್ಲ. ಪ್ರಶ್ನೆಯನ್ನು ಬರೆದು ಕಳಿಸಬೇಕು, ವಿಶೇಷ ತರಬೇತಿ ಪಡೆದ ಗ್ರಂಥಪಾಲಕರು ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ರೂಪಿಸಬೇಕು, ಉತ್ತರ ಅಂಚೆಯಲ್ಲಿ ಬರಲು ವಾರಗಳೇ ಹಿಡಿಯುತ್ತಿದ್ದವು.

ಪ್ರಶ್ನೆಯನ್ನು ರೂಪಿಸುವುದು ಸಣ್ಣ ಕೆಲಸವಲ್ಲ. ನಮ್ಮಲ್ಲೇ ನೋಡಿ. ಒಬ್ಬರು ಸಕ್ಕರೆ ಕಾಯಿಲೆ ಎನ್ನುತ್ತಾರೆ, ಇನ್ನೊಬ್ಬರು ಶುಗರ್, ಮತ್ತೊಬ್ಬರು ಮಧುಮೇಹ, ಆಸ್ಪತ್ರೆಯ ಚೀಟಿಯಲ್ಲಿ ಡಯಾಬಿಟಿಸ್. ಇವೆಲ್ಲ ಒಂದೇ ಎಂದು ಯಂತ್ರಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕಾಗಿ ಗ್ರಂಥಪಾಲಕರು 1960ರಲ್ಲಿ 'ಮೆಶ್' ಎಂಬ ವೈದ್ಯಕೀಯ ವಿಷಯ ಶೀರ್ಷಿಕೆಗಳ ಕೋಶವನ್ನು ಸಿದ್ಧಪಡಿಸಿದರು. ಲೇಖಕ ಯಾವ ಪದ ಬಳಸಿದ್ದರೂ ಲೇಖನ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತದೆ. ಮುಹದ್ದಿಸರು ಹದೀಸ್‌ಗಳನ್ನು ತಹಾರತ್, ನಮಾಝ್, ಝಕಾತ್ ಎಂದು ಬಾಬ್‌ಗಳಾಗಿ ವಿಂಗಡಿಸಿದ ಕಾರಣದಿಂದಲೇ ಫಕೀಹರಿಗೆ ಬೇಕಾದ ಹದೀಸ್ ಬೇಕಾದ ಕ್ಷಣದಲ್ಲಿ ಸಿಗುತ್ತದೆ. ಇದೂ ಅಂಥದ್ದೇ ಸೇವೆ.

1971ರಲ್ಲಿ ದೂರದ ಊರುಗಳಿಂದಲೂ ಫೋನ್ ತಂತಿಯ ಮೂಲಕ ಹುಡುಕಬಹುದಾದ ಮೆಡ್‌ಲೈನ್ ಬಂತು. 1997ರ ಜೂನ್‌ನಲ್ಲಿ ಪಬ್‌ಮೆಡ್ ಎಂಬ ಹೆಸರಿನಲ್ಲಿ ಅದು ಇಂಟರ್‌ನೆಟ್ ಮೂಲಕ ಜಗತ್ತಿಗೆಲ್ಲ ಉಚಿತವಾಯಿತು. ಇಂದು ಅದರಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರವಿದೆ. ಇಂಡೆಕ್ಸ್ ಮೆಡಿಕಸ್‌ನ ಮುದ್ರಣ 2004ರಲ್ಲಿ ನಿಂತಿತು. 2022ರ ಹೊತ್ತಿಗೆ ಲೇಖನಗಳಿಗೆ ಶೀರ್ಷಿಕೆ ಹಚ್ಚುವ ಕೆಲಸವನ್ನೂ ಕಂಪ್ಯೂಟರೇ ಮಾಡತೊಡಗಿತು. ಮನುಷ್ಯರು ಅದರ ಮೇಲ್ವಿಚಾರಣೆಗೆ ಸರಿದರು.

ಹಾಗಾದರೆ ಗ್ರಂಥಪಾಲಕರು ಎಲ್ಲಿಗೆ ಹೋದರು? ಅವರು ರೋಗಿಯ ಹಾಸಿಗೆಯ ಬಳಿಗೆ ಬಂದರು. 1971ರಲ್ಲೇ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಗರ್ಟ್ರೂಡ್ ಲ್ಯಾಂಬ್ ಎಂಬ ಮಹಿಳೆ ಹೊಸದೊಂದು ಪ್ರಯೋಗ ಆರಂಭಿಸಿದ್ದರು. ವೈದ್ಯರು ವಾರ್ಡುಗಳಲ್ಲಿ ರೌಂಡ್ಸ್ ಹೋಗುವಾಗ ಗ್ರಂಥಪಾಲಕರೂ ಜೊತೆಗಿರುವುದು, ಅಲ್ಲಿ ಎದ್ದ ಪ್ರಶ್ನೆಗೆ ಅಧ್ಯಯನಗಳಿಂದ ಉತ್ತರ ಹುಡುಕಿ ತಂದುಕೊಡುವುದು. ನೂರುದ್ದೀನ್ ಝಂಗಿಯವರ ಆಸ್ಪತ್ರೆಯ ಹಜಾರವೇ ಮರಳಿ ಬಂದಂತಾಯಿತು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಪ್ರದೇಶದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 208 ವೈದ್ಯರು ಪಾಲ್ಗೊಂಡಿದ್ದರು. ಗ್ರಂಥಪಾಲಕರು ಒದಗಿಸಿದ ಮಾಹಿತಿಯಿಂದಾಗಿ ರೋಗಿಯ ಆರೈಕೆಯಲ್ಲಿ ಏನಾದರೊಂದು ಬದಲಾವಣೆ ಮಾಡಿದೆವು ಎಂದು ಅವರಲ್ಲಿ ಶೇ. 80 ಮಂದಿ ಹೇಳಿದರು. ಔಷಧ ಬದಲಾದ, ರೋಗನಿರ್ಣಯವೇ ಬದಲಾದ ಪ್ರಸಂಗಗಳೂ ಅದರಲ್ಲಿದ್ದವು.

ಸಿಗದಿದ್ದರ ಲೆಕ್ಕ

2001ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಪ್ರಸಿದ್ಧ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಅಸ್ತಮಾ ಕುರಿತ ಒಂದು ಸಂಶೋಧನೆ ನಡೆಯುತ್ತಿತ್ತು. ಆರೋಗ್ಯವಂತ ಸ್ವಯಂಸೇವಕರು ಹೆಕ್ಸಾಮೆಥೋನಿಯಂ ಎಂಬ ಹಳೆಯ ಔಷಧವನ್ನು ಉಸಿರಿನ ಮೂಲಕ ಒಳಗೆಳೆದುಕೊಳ್ಳಬೇಕಿತ್ತು. ಪ್ರಯೋಗಕ್ಕೆ ಮುಂದೆ ಬಂದ 24 ವರ್ಷದ ಒಬ್ಬ ಯುವತಿಯ ಶ್ವಾಸಕೋಶ ಕೆಟ್ಟುಹೋಯಿತು. ಜೂನ್ ಆರಂಭದಲ್ಲಿ ಆಕೆ ತೀರಿಕೊಂಡಳು.

ಪ್ರಯೋಗಕ್ಕೆ ಮುಂಚೆ ಸಂಶೋಧಕರು ಹುಡುಕಾಟ ಮಾಡದೆ ಇರಲಿಲ್ಲ. ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆದರೆ ಆಗ ಪಬ್‌ಮೆಡ್‌ನ ಮುಖ್ಯ ಸಂಗ್ರಹ 1966ರ ನಂತರದ ಲೇಖನಗಳಿಗೆ ಸೀಮಿತವಾಗಿತ್ತು. ಈ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯಾದ ವರದಿಗಳು ಬಂದಿದ್ದದ್ದು 1950ರ ದಶಕದಲ್ಲಿ. ಅವು ಹಳೆಯ ಮುದ್ರಿತ ಸಂಪುಟಗಳಲ್ಲಿ, ಗ್ರಂಥಾಲಯದ ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದವು. ಸಾವಿನ ನಂತರ ಹುಡುಕಿದಾಗ ಸಿಕ್ಕವು. ಅಮೆರಿಕ ಸರಕಾರ ಆ ಸಂಸ್ಥೆಯಲ್ಲಿ ತನ್ನ ಹಣದಿಂದ ಮನುಷ್ಯರ ಮೇಲೆ ನಡೆಯುತ್ತಿದ್ದ ಬಹುತೇಕ ಸಂಶೋಧನೆಗಳನ್ನು ಕೆಲ ದಿನ ನಿಲ್ಲಿಸಿತು. ವೈದ್ಯಕೀಯ ಗ್ರಂಥಪಾಲಕರ ವಲಯದಲ್ಲಿ ಈ ಘಟನೆಯನ್ನು ಇಂದಿಗೂ ಪಾಠವಾಗಿ ಹೇಳುತ್ತಾರೆ.

ಯಂತ್ರ ಸುಳ್ಳು ಹೇಳಿರಲಿಲ್ಲ. ತನ್ನಲ್ಲಿ ಇದ್ದುದನ್ನು ತೋರಿಸಿತು. ತನ್ನಲ್ಲಿ ಏನಿಲ್ಲ ಎಂದು ಅದು ಹೇಳಲಿಲ್ಲ. ಅದನ್ನು ಹೇಳಬೇಕಾದವರು ಆ ಸಂಗ್ರಹದ ಎಲ್ಲೆ ಬಲ್ಲ ಮನುಷ್ಯರು. ಅರ್ಧವಷ್ಟೇ ಸಿಕ್ಕಿತು ಎಂದು ಹುನೈನ್ ಬರೆದಿಟ್ಟ ಆ ಒಂದು ಸಾಲಿನ ಬೆಲೆ ಇಲ್ಲಿ ಅರ್ಥವಾಗುತ್ತದೆ. ಆರೋಗ್ಯದ ವಿಷಯದಲ್ಲಿ ಹುಡುಕಿದಾಗ ಏನೂ ಸಿಗದಿದ್ದರೆ ಅಪಾಯವಿಲ್ಲ ಎಂದು ಅರ್ಥವಲ್ಲ. ಸರಿಯಾದ ಕಡೆ ಹುಡುಕಿದೆವೇ ಎಂದು ಇನ್ನೊಮ್ಮೆ ಕೇಳಬೇಕು.

ಗ್ರಂಥಪಾಲಕರ ಇನ್ನೊಂದು ಕೆಲಸ ಹಿಂತೆಗೆದುಕೊಂಡ ಲೇಖನಗಳ ಮೇಲೆ ಗುರುತು ಹಾಕುವುದು. 1998ರಲ್ಲಿ ಲಂಡನ್ನಿನ ಪ್ರತಿಷ್ಠಿತ 'ಲ್ಯಾನ್ಸೆಟ್' ಪತ್ರಿಕೆ ಹನ್ನೆರಡು ಮಕ್ಕಳ ಕುರಿತ ಒಂದು ಲೇಖನ ಪ್ರಕಟಿಸಿತು. ದಡಾರ, ಮಂಪ್ಸ್, ರುಬೆಲ್ಲಾ ರೋಗಗಳಿಗೆ ಕೊಡುವ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಅದರಿಂದ ಹಬ್ಬಿತು. ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. 2010ರಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಪಬ್‌ಮೆಡ್‌ನಲ್ಲಿ ಅದನ್ನು ತೆರೆದರೆ ಹಿಂತೆಗೆದುಕೊಳ್ಳಲಾಗಿದೆ ಎಂಬ ಸೂಚನೆ ಎದ್ದು ಕಾಣುತ್ತದೆ. ಆದರೆ ಅದರಿಂದ ಹುಟ್ಟಿದ ವದಂತಿಗೆ ಆ ಗುರುತು ಅಂಟಲಿಲ್ಲ. ಅದು ಈಗಲೂ ನಮ್ಮ ಕುಟುಂಬದ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ನಮ್ಮ ಉಲಮಾಗಳಿಗೆ ಈ ಸಂಕಟ ಹೊಸದಲ್ಲ. ಪ್ರವಾದಿಯವರ(ಸ) ಹೆಸರಲ್ಲಿ ಹರಡಿದ ಕಟ್ಟುಕಥೆಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿ ಇಮಾಮ್ ಇಬ್ನುಲ್ ಜೌಝಿ(ರಹ್) ಗ್ರಂಥವನ್ನೇ ಬರೆದರು. ಸತ್ಯವನ್ನು ಸಂಗ್ರಹಿಸಿದಷ್ಟೇ ಪುಣ್ಯದ ಕೆಲಸ ಸುಳ್ಳಿನ ಮೇಲೆ ಗುರುತು ಹಾಕುವುದು ಎಂದು ಅವರು ಅರಿತಿದ್ದರು.

ನಮ್ಮ ನಾಡಿನಲ್ಲಿ

ದೆಹಲಿಯಲ್ಲಿ ನ್ಯಾಷನಲ್ ಮೆಡಿಕಲ್ ಲೈಬ್ರರಿ 1961ರಿಂದ ದೇಶದ ವೈದ್ಯರಿಗೆ ಸೇವೆ ಸಲ್ಲಿಸುತ್ತಿದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ 'ಹೆಲಿನೆಟ್' ಎಂಬ ಗ್ರಂಥಾಲಯ ಜಾಲವನ್ನು ಆರಂಭಿಸಿತು. ಒಂದೊಂದು ವಿದೇಶಿ ವೈದ್ಯಕೀಯ ಪತ್ರಿಕೆಯ ಚಂದಾ ಒಂದು ಸಣ್ಣ ಕಾಲೇಜಿನ ಕೈಗೆ ಎಟುಕುವಂಥದ್ದಲ್ಲ. ಕಾಲೇಜುಗಳೆಲ್ಲ ಒಟ್ಟಾಗಿ ತರಿಸಿಕೊಂಡಾಗ ಬೆಂಗಳೂರಿನ ವಿದ್ಯಾರ್ಥಿ ಓದುವ ಪತ್ರಿಕೆಯನ್ನೇ ಜಿಲ್ಲಾ ಕೇಂದ್ರದ ವಿದ್ಯಾರ್ಥಿಯೂ ಕಂಪ್ಯೂಟರಿನಲ್ಲಿ ಓದುವಂತಾಯಿತು. ಇದರ ಹಿಂದೆ ಗ್ರಂಥಪಾಲಕರ ದುಡಿಮೆಯಿದೆ. ವೈದ್ಯಕೀಯ ಓದುತ್ತಿರುವ ನಮ್ಮ ಎಷ್ಟೋ ಮಕ್ಕಳು ಅದರ ಫಲ ಉಣ್ಣುತ್ತಿದ್ದಾರೆ.

2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅನ್ನು ದೇಶಾದ್ಯಂತ ಜಾರಿಗೆ ತಂದಿತು. ನಮ್ಮಲ್ಲಿ ಹಲವರ ಬಳಿ ಈಗ 14 ಅಂಕೆಗಳ ಆಭಾ ಸಂಖ್ಯೆಯಿದೆ. ರಕ್ತ ಪರೀಕ್ಷೆಯ ವರದಿ, ಸ್ಕ್ಯಾನ್, ಔಷಧ ಚೀಟಿ ಎಲ್ಲವೂ ಮೊಬೈಲಿನಲ್ಲಿ ಸಿಗುವ ಕಾಲವಿದು. ಒಳ್ಳೆಯದೇ. ಆದರೆ ವರದಿ ಕೈಯಲ್ಲಿರುವುದಕ್ಕೂ ಅದರ ಅರ್ಥ ತಿಳಿದಿರುವುದಕ್ಕೂ ವ್ಯತ್ಯಾಸವಿದೆ. ವರದಿಯಲ್ಲಿ ಕೆಂಪಕ್ಷರದ ಒಂದು ಅಂಕಿ ಕಂಡ ಕೂಡಲೇ ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡದ್ದನ್ನು ನಂಬಿ, ಗಾಬರಿಯಾಗುವವರಿದ್ದಾರೆ. ಯಾರೋ ಕಳಿಸಿದ ಕಷಾಯದ ವಿಡಿಯೋ ನೋಡಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದವರೂ ನಮ್ಮ ಜಮಾಅತ್‌ಗಳಲ್ಲಿ ಇದ್ದಾರೆ. ಕಾಲು ಹುಣ್ಣಾದ ಮೇಲೆ, ಕಣ್ಣು ಮಂಜಾದ ಮೇಲೆ ದುಆ ಮಾಡಿಸಲು ಮಸೀದಿಗೆ ಬರುತ್ತಾರೆ. ದುಆ ನಾವು ಖಂಡಿತ ಮಾಡುತ್ತೇವೆ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ನಮ್ಮ ಪ್ರವಾದಿಯವರೇ(ಸ) ಅಲ್ಲವೇ?

ಇದಕ್ಕಿಂತ ದೊಡ್ಡ ಅಪಾಯ ಈಗ ಬಂದಿದೆ. ಕೇಳಿದ್ದಕ್ಕೆಲ್ಲ ಸರಾಗವಾಗಿ, ಕನ್ನಡದಲ್ಲೂ, ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಅವುಗಳಿಂದ ಉಪಯೋಗವಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಅವು ಕೆಲವೊಮ್ಮೆ ಇಲ್ಲದ ಲೇಖನದ ಹೆಸರನ್ನೂ ಇಲ್ಲದ ಲೇಖಕರ ಹೆಸರನ್ನೂ ಇದ್ದಂತೆಯೇ ಹೇಳಿಬಿಡುತ್ತವೆ. ಆ ಲೇಖನ ಹುಡುಕಿಕೊಡಿ ಎಂದು ಕೇಳಿಕೊಂಡು ಬಂದವರಿಗೆ, ಅಂಥದ್ದೊಂದು ಲೇಖನವೇ ಇಲ್ಲ ಎಂದು ತಿಳಿಸುವುದೂ ಈಗ ಗ್ರಂಥಪಾಲಕರ ಕೆಲಸವಾಗಿದೆ. ಕಟ್ಟಿದ ಸನದ್ ಎಂದರೆ ಇದೇ. ಹೊರನೋಟಕ್ಕೆ ಸರಪಳಿ ಪೂರ್ತಿಯಿದೆ. ಕೊಂಡಿಗಳನ್ನು ಮುಟ್ಟಿ ನೋಡಿದರೆ ಗಾಳಿ.

ನಮ್ಮ ಮನೆಗಳ ಪಾಲಿನ ಕೆಲಸ

ಯಾರಾದರೂ ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಯಾರಿಗೋ ಹಾನಿ ಮಾಡಿ ಆಮೇಲೆ ಪರಿತಪಿಸಬೇಕಾದೀತು ಎಂಬ ಎಚ್ಚರಿಕೆ ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನಲ್ಲಿದೆ. ಈ ಆದೇಶ ಜಗಳದ ಸುದ್ದಿಗೆ ಮಾತ್ರ ಸೀಮಿತ ಎಂದುಕೊಳ್ಳಬಾರದು. ಆರೋಗ್ಯದ ಒಂದು ಫಾರ್ವರ್ಡ್ ಕೂಡ ಸುದ್ದಿಯೇ. ಅದನ್ನು ಒತ್ತಿ ಮುಂದೆ ಕಳಿಸುವ ಪ್ರತಿಯೊಬ್ಬರೂ ಆ ಸರಪಳಿಯ ಒಂದು ಕೊಂಡಿ, ಒಬ್ಬ ರಾವಿ. ರಾವಿಯಾದವನ ಮೇಲೆ ಹೊಣೆಯಿದೆ.

ಆದ್ದರಿಂದ ಮನೆಯ ಹಿರಿಯರು ಕೆಲವು ಪ್ರಶ್ನೆಗಳನ್ನು ರೂಢಿ ಮಾಡಿಕೊಳ್ಳಲಿ. ಇದನ್ನು ಮೊದಲು ಹೇಳಿದವರು ಯಾರು? ಅವರಿಗೆ ಈ ವಿಷಯದಲ್ಲಿ ವಿದ್ಯೆಯಿದೆಯೇ? ಯಾವಾಗ ಹೇಳಿದ್ದು, ಆಮೇಲೆ ಅದು ಸುಳ್ಳೆಂದು ಸಾಬೀತಾಗಿದೆಯೇ? ಹೇಳಿದವರಿಗೆ ಮಾರಲು ಏನಾದರೂ ಇದೆಯೇ? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಶುರು ಮಾಡಬೇಡಿ, ಕೇಳದೆ ನಿಲ್ಲಿಸಲೂ ಬೇಡಿ. ವೈದ್ಯರ ಮುಂದೆ ಕುಳಿತಾಗ, ಇದನ್ನು ಓದಿದ್ದೇನೆ, ನಿಜವೇ ಡಾಕ್ಟರೇ ಎಂದು ಸಂಕೋಚವಿಲ್ಲದೆ ಕೇಳಿ. ಮನೆಯ ಹೆಂಗಸರ ಅನುಮಾನಗಳಿಗೂ ಅಲ್ಲಿ ಜಾಗ ಸಿಗಬೇಕು. ಆಕೆಯ ಪರವಾಗಿ ಗಂಡನೋ ಮಗನೋ ಉತ್ತರಿಸಿ ಎದ್ದು ಬರುವ ಅಭ್ಯಾಸ ಬಿಡಬೇಕು.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ವೈದ್ಯವಿದ್ಯೆಯನ್ನು ಇಮಾಮ್ ಗಝ್ಝಾಲಿ(ರಹ್) ಫರ್ಝ್ ಕಿಫಾಯ ಎಂದು ಎಣಿಸಿದ್ದಾರೆ. ಸಮುದಾಯದಲ್ಲಿ ಕೆಲವರಾದರೂ ಅದನ್ನು ಕಲಿಯದಿದ್ದರೆ ಎಲ್ಲರೂ ತಪ್ಪಿತಸ್ಥರು. ಆ ವಿದ್ಯೆಯನ್ನು ಕಾಪಾಡುವ, ಹುಡುಕಿಕೊಡುವ, ಸೋಸುವ ಕೆಲಸವೂ ಅದರ ಜೊತೆಗೇ ಬರುತ್ತದೆ. ನಮ್ಮ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗಲಿ ಎಂದು ಬಯಸುತ್ತೇವೆ. ಪದವಿ ಮುಗಿಸಿದ ಹುಡುಗ ಹುಡುಗಿಯರಿಗೆ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಕೋರ್ಸ್ ಇದೆ ಎಂದು ಹೇಳುವವರು ಕಡಿಮೆ. ಮೆಡಿಕಲ್ ಕಾಲೇಜುಗಳಲ್ಲಿ, ಆಸ್ಪತ್ರೆಗಳಲ್ಲಿ ಅವರ ಅಗತ್ಯವಿದೆ. ನಮ್ಮ ಮದರಸ, ಮಸೀದಿಗಳ ಸಣ್ಣ ಲೈಬ್ರರಿಗಳಲ್ಲೂ ನಂಬಲರ್ಹ ಆರೋಗ್ಯ ಪುಸ್ತಕಗಳ ಒಂದು ಕಪಾಟು ಇರಲಿ. ಊರಿನ ಒಬ್ಬ ವೈದ್ಯರನ್ನೋ ನರ್ಸನ್ನೋ ತಿಂಗಳಿಗೊಮ್ಮೆ ಕರೆಸಿ, ಹರಿದಾಡುತ್ತಿರುವ ಸಂದೇಶಗಳಲ್ಲಿ ಯಾವುದು ಸರಿ ಯಾವುದು ಸುಳ್ಳು ಎಂದು ಕೇಳಿ ತಿಳಿಯುವ ವ್ಯವಸ್ಥೆಯಾಗಲಿ. ಕಮಿಟಿಯ ಲೆಕ್ಕಪುಸ್ತಕಕ್ಕೆ ಇದು ಭಾರವಾಗುವ ಖರ್ಚಲ್ಲ.

ಗಾಯಗೊಂಡ ಆ ಸಹಾಬಿಗೆ ತಪ್ಪು ಉತ್ತರ ಕೊಟ್ಟವರ ಬಳಿ ಪುಸ್ತಕವೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಆದರೂ ಕೇಳದೆ ಹೇಳಿದ್ದು ಯಾಕೆ ಎಂದು ಅವರನ್ನು ವಿಚಾರಿಸಲಾಯಿತು. ನಮ್ಮ ಬಳಿ ಎರಡೂ ಇವೆ, ಕೇಳಿದರೆ ಹೇಳುವವರೂ ಇದ್ದಾರೆ. ನಾಳೆ ನಮ್ಮನ್ನು ವಿಚಾರಿಸಿದರೆ ಕೊಡಲು ನೆಪವೇ ಇರುವುದಿಲ್ಲ.

ಪ್ರಯೋಜನವಿಲ್ಲದ ಜ್ಞಾನದಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ. ತಿಳಿದವರನ್ನು ಕೇಳುವ ವಿನಯವನ್ನೂ, ತಿಳಿಯದ್ದನ್ನು ಹರಡದಿರುವ ಸಂಯಮವನ್ನೂ ಕರುಣಿಸಲಿ. ರೋಗಿಗಳಿಗೆ ಶಿಫಾ ನೀಡಲಿ. ಆಮೀನ್.